ಪೊರಕೆ ಕಡ್ಡಿಯ ಅಳತೆ

"ಎದ್ದು ನಡಿಯೇ, ಎಲ್ರೂ ನೋಡ್ತಾವ್ರೆ."

ಮುಳಬಾಗಿಲಿನ ಮದುವೆಮನೆ ಬಾಗಿಲಲ್ಲಿ ಭಾರತಮ್ಮ ಮಗಳ ರಟ್ಟೆ ಹಿಡಿದು ಎಳೆದಳು. ಒಂದೂವರೆ ವರ್ಷದ ಸರಸು ಎರಡು ಹೆಜ್ಜೆ ಹಾಕಿ ಮತ್ತೆ ಕುಕ್ಕರಿಸಿತು. ಕಾಲಲ್ಲಿ ಕೆಂಪು ಪ್ಲಾಸ್ಟಿಕ್ ಬೂಟು ಮಿರಮಿರ ಮಿಂಚುತ್ತಿತ್ತು. ತಮ್ಮೂರು ಬೈರಕೂರಿನಲ್ಲಿ ಬೇರೆ ಯಾವ ಮಗುವಿಗೂ ಅಂಥದ್ದಿರಲಿಲ್ಲ. ನಾಲ್ಕು ಜನ ನೋಡಲೆಂದೇ ಬಸ್ ಇಳಿದಲ್ಲಿಂದ ನಡೆಸಿಕೊಂಡು ಬಂದಿದ್ದಳು. ಈಗ ನೆಂಟರೆದುರು ಈ ಹಟ. ಬೆನ್ನಿಗೊಂದು ಬಿಟ್ಟಳು. ಮಗು ಅಳುತ್ತಲೇ ಎದ್ದು ನಡೆಯಿತು.

ಸಂಜೆ ಊರಿಗೆ ಬಂದು ಹಿತ್ತಿಲಲ್ಲಿ ಕಾಲು ತೊಳೆಯಲು ಬೂಟು ಕಳಚಿದಳು. ಬೆರಳುಗಳು ಒಳಕ್ಕೆ ಮಡಚಿಕೊಂಡು ಬಿಳಿಚಿಹೋಗಿದ್ದವು. ಹಿಮ್ಮಡಿಯ ಚರ್ಮ ಸುಲಿದು ಬೂಟಿನೊಳಗೆ ರಕ್ತ ಅಂಟಿತ್ತು. ಭಾರತಮ್ಮನಿಗೆ ತನ್ನ ಕೈಯನ್ನೇ ಕತ್ತರಿಸಿಕೊಳ್ಳುವಷ್ಟು ಸಂಕಟವಾಯಿತು.

ಬೂಟಿನ ಅಳತೆಗೆ ಕೊಟ್ಟಿದ್ದು ಪೊರಕೆ ಕಡ್ಡಿ. ಯುಗಾದಿ ಹೊತ್ತಿಗೆ, ಮಲಗಿದ್ದ ಮಗುವಿನ ಪಾದಕ್ಕೆ ಹಿಡಿದು ಮುರಿದು ಸೂರಿಗೆ ಸಿಕ್ಕಿಸಿದ್ದಳು. ಮೊನ್ನೆ ಗಂಡ ಆಂಜಿನಪ್ಪ ರೇಷ್ಮೆಗೂಡು ಮಾರಲು ಕೋಲಾರಕ್ಕೆ ಹೊರಟಾಗ ಬೂಟು ತರಲು ಅದನ್ನೇ ಕೊಟ್ಟು ಕಳಿಸಿದಳು. ನಡುವೆ ಎರಡು ಬೆಳೆ ಹುಳು ಗೂಡು ಕಟ್ಟಿ ಮುಗಿದಿತ್ತು. ಹುಳು ಮೇವು ಬಿಟ್ಟು ಮಲಗುವ ‘ಜ್ವರ’ ಮುಗಿಸಿ, ಪೊರೆ ಕಳಚಿ ಎದ್ದಾಗಲೆಲ್ಲ, ಮೈ ಬೆಳೆದಿದೆ, ಜಾಗ ಸಾಲದು ಎಂದು ಬೇರೆ ತಟ್ಟೆಗೆ ಹರವಿದವಳು ಇವಳೇ. ಮಗಳ ಕಾಲೂ ಬೆಳೆದೀತೆಂದು ಹೊಳೆಯಲಿಲ್ಲ.

ಅಳು ಕೇಳಿ ಪಕ್ಕದ ಮನೆಯ ಕರೀಮುನ್ನೀಸಾ ಕೊಬ್ಬರಿ ಎಣ್ಣೆ ಹಿಡಿದು ಬಂದಳು. ಅವಳ ಗಂಡ ಜಟಕಾ ಕುದುರೆಗಳ ಲಗಾಮು ಹೊಲಿಯುವವನು. ಉಳಿದ ಮೆದು ತೊಗಲಿಗೆ ಹಳೇ ಕಂಬಳಿ ಸೇರಿಸಿ ಅವಳೇ ಸರಸುಗೆ ಒಂದು ಜೊತೆ ಬೂಟು ಹೊಲಿದುಕೊಟ್ಟಿದ್ದಳು. ಪಾದ ಬೆಳೆದ ಹಾಗೆ ಸಡಿಲ ಮಾಡಲು ಲಾಡಿ ಇತ್ತು. ಚಿಂದಿಯದ್ದು ಎಂದು ಭಾರತಮ್ಮ ಅದನ್ನು ಬಿಸಿ ಪಾತ್ರೆ ಇಳಿಸಲು ಒಲೆ ಪಕ್ಕ ಇಟ್ಟುಕೊಂಡಿದ್ದಳು.

"ಹಟ ಅಂದ್ಕೊಂಡೆ ಅಕ್ಕಾ. ಹೊಡೆದೂಬಿಟ್ಟೆ."

"ಮಾತು ಬರಲ್ಲ ಅದಕ್ಕೆ, ಏನ್ ಮಾಡ್ತದೆ? ಕೂತ್ಕೊಂಡ್ತು," ಎಂದಳು ಕರೀಮುನ್ನೀಸಾ, ಎಣ್ಣೆ ಸವರುತ್ತ.

ಭಾರತಮ್ಮ ಒಳಗಿಂದ ಕಂಬಳಿ ಬೂಟು ತಂದಳು. ಮುಚ್ಚಿಡಲು ನೋಡಿದರೂ ಮಸಿ ಕಂಡೇಬಿಟ್ಟಿತು. ಕರೀಮುನ್ನೀಸಾ ಅದನ್ನು ತಿರುಗಿಸಿ ನೋಡಿ, ಒಗೆಯುವ ಕಲ್ಲಿಗೆ ಎರಡು ಸಲ ಬಡಿದು ಕೊಟ್ಟಳು.

"ಗಾಯ ಆರ್ಲಿ. ಆಮೇಲೆ ಲಾಡಿ ಪೂರಾ ಬಿಚ್ಚಿ ಹಾಕು."

ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಭಾರತಮ್ಮನಿಗೆ.

ವಾರ ಕಳೆದು ಗಾಯ ಮಾಯಿತು. ಭಾರತಮ್ಮ ಬೂಟು ಒಗೆದು ಒಣಗಿಸಿ, ಲಾಡಿ ಬಿಚ್ಚಿ, ಒಳಗೆ ತನ್ನ ಎರಡು ಬೆರಳು ಆಡಿಸಿ ನೋಡಿದಳು. ಸಾಕಷ್ಟು ಜಾಗವಿತ್ತು.

"ಬಾ ನನ್ನಮ್ಮಾ, ಇದು ನೋಯಲ್ಲ."

ಸೊಪ್ಪಿನ ರಾಶಿಯ ಬಳಿ ಆಡುತ್ತಿದ್ದ ಸರಸು ಅಮ್ಮನ ಕೈಯಲ್ಲಿದ್ದುದನ್ನು ನೋಡಿತು. ಅಳಲಿಲ್ಲ. ಮೆಲ್ಲಗೆ ಕುಳಿತು, ಎರಡೂ ಪಾದಗಳನ್ನು ಲಂಗದೊಳಕ್ಕೆ ಎಳೆದುಕೊಂಡಿತು.