ಬಿರುಕಿಗೆ ನೂಕಿದ ಕೆಂಡ

ಹೋದ ವರ್ಷ ರಹಿಮಾನಸಾಬರ ಶೇಂಗಾ ಹೊಟ್ಟಿನ ಬಣವಿ ಸುಟ್ಟು ಬೂದಿಯಾಯಿತು. ಯಾರಿಂದ ಸುಟ್ಟಿತು ಎಂಬುದು ತಿರ್ಲಾಪುರದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬರು ನಮ್ಮ ಯಜಮಾನರು, ಇನ್ನೊಬ್ಬಳು ನಾನು, ರೇವವ್ವ. ಯಜಮಾನರ ಹೆಸರು ಈರಬಸಪ್ಪ. ಬಾಯಿಂದ ಹೇಳುವವಳಲ್ಲ ನಾನು, ಬರೆಯಲು ಅಡ್ಡಿಯಿಲ್ಲ.

ಜೋಳದ ತೆನೆಯಲ್ಲಿ ಕಾಳು ಇನ್ನೂ ಎಳಸಾಗಿರುವಾಗ ಹೊಲದಲ್ಲೇ ಕುಣಿ ತೋಡಿ, ಕುಳ್ಳು ಉರಿಸಿ, ಆ ಕೆಂಡದಲ್ಲಿ ತೆನೆ ಸುಟ್ಟು, ಬಿಸಿಬಿಸಿ ತಿಕ್ಕಿ ತಿನ್ನುವುದಕ್ಕೆ ನಮ್ಮ ಕಡೆ ಸೀತನಿ ಎನ್ನುತ್ತಾರೆ. ಸೀತನಿ ಸುಡುವುದರಲ್ಲಿ ನಮ್ಮವರದು ಎತ್ತಿದ ಕೈ. ಅದೊಂದನ್ನು ನಾನೂ ಒಪ್ಪುತ್ತೇನೆ. ಆದರೆ ಆವತ್ತು ಎಲ್ಲರೂ ತಿಂದು ಹೋದ ಮೇಲೆ, ಒಂದು ಕೊಡ ನೀರು ತರಲು ಮೈಗಳ್ಳತನವಾಗಿ, ಉಳಿದ ಕೆಂಡವನ್ನು ಸಲಿಕೆಯಿಂದ ಎರೆ ನೆಲದ ಬಿರುಕಿಗೆ ನೂಕಿ ಮೇಲೆ ಮಣ್ಣೆಳೆದರು. ಚಳಿಗಾಲದಲ್ಲಿ ನಮ್ಮ ಹೊಲ ಬಿರಿದರೆ ಮೊಳಕೈವರೆಗೆ ಕೈ ಇಳಿಯುತ್ತದೆ.

"ಭೂಮಿತಾಯಿ ಹೊಟ್ಟ್ಯಾಗ ಹಾಕೇನಿ, ಇನ್ನೇನ ಆಗತೈತಿ?" ಎಂದರು.

ಊರಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಇಳಿಹೊತ್ತಿಗೆ ಮೂಡಗಾಳಿ ಎದ್ದಿತು. ಬದುವಿನಾಚೆ ರಹಿಮಾನಸಾಬರ ಬಣವಿ ಹೊತ್ತಿಕೊಂಡಿತು. ಊರೆಲ್ಲ ಕೊಡ ಹಿಡಿದು ಓಡಿದರೂ ಒಂದು ಬುಟ್ಟಿ ಹೊಟ್ಟು ಉಳಿಯಲಿಲ್ಲ.

"ನಾಳೆ ಮುಂಜಾನೆ ಹೋಗಿ ಹೇಳಿ ಬರ್ರಿ," ಎಂದೆ ನಾನು.

"ಹೇಳಿದರ ಮುಗೀತು. ನಲವತ್ತು ವರ್ಷದ ದೋಸ್ತಿ. ಇನ್ನ ಅಂವಾ ನಮ್ಮ ಕಟ್ಟಿ ಹತ್ತೂದಿಲ್ಲ."

ಹೇಳಲೇ ಇಲ್ಲ. ಬದಲಿಗೆ "ನಮ್ಮಲ್ಲಿ ಹೆಚ್ಚಾಗೇತಿ" ಎಂದು ಸುಳ್ಳು ಹೇಳಿ ಎರಡು ಬಂಡಿ ಕಣಿಕೆ ಮೇವು ಅವರ ಮನೆಗೆ ಕಳಿಸಿದರು. ನಮ್ಮ ಎಮ್ಮೆ ಬೇಸಿಗೆಯೆಲ್ಲ ಅರೆಹೊಟ್ಟೆ ಉಂಡಿತು. ಆ ಸಿಟ್ಟು ನನಗೆ ಇನ್ನೂ ಇದೆ.

ಬಣವಿ ಸುಟ್ಟ ಮೇಲೆ ಪಂಚಾಯ್ತಿ ಕೂಡಿತು. ಮೆಂಬರ್ ನೀಲಕ್ಕ ಎದ್ದು ನಿಂತು ನಿಯಮ ಹೇಳಿದಳು. ಬಣವಿಯಿಂದ ನೂರು ಹೆಜ್ಜೆ ಒಳಗೆ ಯಾರೂ ಬೆಂಕಿ ಹಾಕಬಾರದು. ಹಾಕುವ ಮೊದಲು ಬಾಜು ಹೊಲದವರಿಗೆ ಹೇಳಬೇಕು. ಗಾಳಿ ಎದ್ದರೆ ಆರಿಸಬೇಕು. ಎರಡು ಕೊಡ ನೀರು ಪಕ್ಕದಲ್ಲೇ ಇರಬೇಕು, ಮತ್ತು ಕೆಂಡವನ್ನು ಬಿರುಕಿಗೆ ನೂಕದೆ ನೀರು ಸುರಿದು ಕಲಸಬೇಕು. ಇದನ್ನೆಲ್ಲ ನೋಡಿಕೊಳ್ಳಲು ಒಬ್ಬರು ಬೇಕು ಎಂದಾಗ ಎಲ್ಲರಿಗಿಂತ ಮೊದಲು ಎದ್ದ ಕೈ ನಮ್ಮವರದು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಜನ ಮಾತ್ರ "ಈರಬಸಪ್ಪಗೌಡ್ರ ಕಾಳಜಿ ನೋಡ್ರಿ" ಎಂದು ಹೊಗಳಿದರು. ಅಂದಿನಿಂದ ಊರಲ್ಲಿ ಹೊಗೆ ಕಂಡರೆ ಸಾಕು, ಇವರು ಊಟದ ತಾಟು ಬಿಟ್ಟು ಓಡುತ್ತಿದ್ದರು. ಹತ್ತಿ ಕಟ್ಟಿಗೆ ಸುಡಲು ಹೋದವರ ಕಡ್ಡಿಪೆಟ್ಟಿಗೆ ಕಸಿದುಕೊಂಡರು. ನಿಯಮ ಮಾಡಿದ ನೀಲಕ್ಕನೇ ಹಿತ್ತಲಲ್ಲಿ ಮೈತೊಳೆಯುವ ನೀರಿಗೆ ಒಲೆ ಹಚ್ಚಿದ್ದಳು. ಇವರು ಅಲ್ಲಿಂದ ಮಠದ ಬಣವಿಯ ತನಕ ಹೆಜ್ಜೆ ಎಣಿಸಿದರು. ತೊಂಬತ್ತಾರು ಬಂತು.

"ನಾಕ ಹೆಜ್ಜಿ ಕಡಿಮಿ ಐತಿ, ಆರಸ," ಎಂದರು.

"ಕಾಲ ಸಣ್ಣೂ ಇಟ್ಟು ಎಣಿಸ್ರಿ ಕಾಕಾ, ನೂರಾಗತಾವು!" ಎಂದು ನೀಲಕ್ಕ ಒದರಿದಳು. ಇವರು ಕೇಳಲಿಲ್ಲ. ಆಕೆ ಆವತ್ತು ತಣ್ಣೀರಲ್ಲಿ ಮಿಂದು, ನನ್ನ ಜೊತೆ ಎಂಟು ದಿನ ಮಾತು ಬಿಟ್ಟಳು. ಮಾಡಿದವರು ಇವರು, ಅನುಭವಿಸಿದವಳು ನಾನು.

ಈ ವರ್ಷ ಸೀತನಿ ಕಾಲ ಬಂದರೂ ನಮ್ಮವರು ಕುಣಿ ತೋಡಲಿಲ್ಲ. ಮೈ ಸರಿಯಿಲ್ಲ ಎಂದರು, ತೆನೆ ಬಲಿತಿದೆ ಎಂದರು. ಕೊನೆಗೆ ರಹಿಮಾನಸಾಬರೇ ಮನೆಗೆ ಬಂದರು. ಬೀಡಿ ಬಿಟ್ಟ ಮೇಲೆ ಮೈ ತುಂಬಿಕೊಂಡು ಕೆಂಪಗಾಗಿದ್ದರು.

"ನಮ್ಮ ಹೊಲದಾಗ ಸೀತನಿ ಐತಿ. ನೀನ ಸುಡಬೇಕು. ನೀ ಬರದಿದ್ದರ ನಾವ್ಯಾರೂ ತಿನ್ನೂದಿಲ್ಲ."

ಹೋದೆವು. ಇವರು ಹೆಜ್ಜೆ ಎಣಿಸಿ ಜಾಗ ಗುರುತು ಮಾಡಿ, ಎರಡು ಕೊಡ ಸಾಲದೆಂದು ನಾಲ್ಕು ತರಿಸಿ ಸುಟ್ಟರು. ರಹಿಮಾನಸಾಬರ ಸೊಸೆ ರೂಬಿನಾ ಗುರೆಳ್ಳು ಚಟ್ನಿ ತಂದಿದ್ದಳು, ನಾನು ಗಟ್ಟಿ ಮೊಸರು ಒಯ್ದಿದ್ದೆ, ನೀಲಕ್ಕ ಸಿಟ್ಟು ಮರೆತು ಬೆಲ್ಲ ತಂದಿದ್ದಳು. ನಗು, ಹರಟೆ, ಎಲ್ಲರ ಕೈ ಬಾಯಿ ಕಪ್ಪು. ನಮ್ಮವರು ಮಾತ್ರ ಒಂದು ಕಾಳು ಬಾಯಿಗೆ ಹಾಕಲಿಲ್ಲ. ಎಲ್ಲ ಮುಗಿದ ಮೇಲೆ ಕುಣಿಗೆ ಒಂದು ಕೊಡ ಸುರಿದರು, ಎರಡನೆಯದು ಸುರಿದರು, ಮೂರನೆಯದನ್ನು ಎತ್ತಿದರು.

"ಸಾಕಲೇ, ಇಲ್ಲೇನ ಕೆರಿ ಕಟ್ಟತೀಯೇನ?" ಎಂದು ರಹಿಮಾನಸಾಬರು ನಕ್ಕರು.

ಇವರು ಕೊಡ ಕೆಳಗಿಟ್ಟರು. "ರಹಿಮಾನ, ಹ್ವಾದ ವರ್ಷ ನಿನ್ನ ಬಣವಿ ಸುಟ್ಟಾಂವ ನಾನು. ಕೆಂಡ ಬಿರುಕಿನ್ಯಾಗ ನೂಕಿದ್ದೆ. ಗಾಳಿಗೆ ಎದ್ದು ಬಂತು."

ರಹಿಮಾನಸಾಬರು ನಿಧಾನಕ್ಕೆ ಎದ್ದರು. ಕಿವಿಯವರೆಗೆ ಕೆಂಪಾಗಿದ್ದರು.

"ಒಂದು ವರ್ಷಲೇ!" ಎಂದು ಗುಡುಗಿದರು. "ಒಂದು ವರ್ಷ ನಾ ಬೀಡಿ ಮುಟ್ಟಿಲ್ಲ!"

ನಮಗೆ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. ಅಂದು ಮಧ್ಯಾಹ್ನ ಬಣವಿಯ ನೆರಳಲ್ಲಿ ಕೂತು ಬೀಡಿ ಸೇದಿ, ಮೋಟು ಒಗೆದು ಮನೆಗೆ ಹೋಗಿದ್ದರಂತೆ. ತನ್ನ ಎತ್ತುಗಳ ಹೊಟ್ಟೆಗೆ ತಾನೇ ಬೆಂಕಿ ಇಟ್ಟೆನೆಂದು ಆವತ್ತೇ ಆಣೆ ಮಾಡಿ ಬೀಡಿ ಬಿಟ್ಟಿದ್ದರು. ಮನೆಯಲ್ಲಿ ಮಾತ್ರ ಡಾಕ್ಟರು ಬೇಡ ಎಂದರು ಎಂದು ಹೇಳಿದ್ದರು.

"ಮತ್ತ ಕೆಮ್ಮೂ ಹೋಗೇತಲ್ಲ ಮಾಮಾ," ಎಂದಳು ರೂಬಿನಾ. "ಈಗ ಬೀಡಿ ಹಿಡೀರಿ ನೋಡೂಣು! ಈರಬಸಪ್ಪ ಕಾಕಾ, ನೀವು ಇನ್ನೊಂದ ಬಣವಿ ಸುಟ್ಟರೂ ಅಡ್ಡಿಯಿಲ್ಲ."

ಎಲ್ಲರೂ ಹೊಟ್ಟೆ ಹಿಡಿದು ನಕ್ಕೆವು. ನೀಲಕ್ಕ ಕಣ್ಣೊರೆಸಿಕೊಂಡು, "ಹಂಗಾರ ಪಂಚಾಯ್ತಿ ಬುಕ್ಕಿನ್ಯಾಗ ಯಾರ ಹೆಸರ ಬರೀಲಿ?" ಎಂದಳು.

"ನಂದು ಬರಿ," ಎಂದರು ನಮ್ಮವರು.

"ನಿನ್ನ ಕೆಂಡ ಬದು ದಾಟಿ ಹೆಂಗ ಬರತೈತಿ? ನನ್ನ ಬೀಡಿನ ಅದು. ನಂದು ಬರಿ."

"ನಿನ್ನ ಮೋಟು ಬೀಡಿಗೆ ಅಷ್ಟು ತಾಕತ್ತ ಎಲ್ಲೈತಿ?"

ಬೆಂಕಿ ನನ್ನದು, ನನ್ನದು ಎಂದು ಇಬ್ಬರು ಅಜ್ಜಂದಿರು ಜಗಳಾಡುವುದನ್ನು ನಾನು ಅಂದೇ ಕಂಡದ್ದು. ಕೊನೆಗೆ ಇಬ್ಬರೂ ದಣಿದು ಬದುವಿನ ಮೇಲೆ ಕೂತರು.

"ನೀ ಯಾಕ ಹೇಳಲಿಲ್ಲ?" ಎಂದು ಕೇಳಿದರು ನಮ್ಮವರು.

"ನೀ ಊರ ತುಂಬ ಹೇಳಿ ನಗತೀ ಅಂತ. ನೀ ಯಾಕ ಹೇಳಲಿಲ್ಲ?"

ನಮ್ಮವರ ದನಿ ಇಳಿಯಿತು. "ನೀ ನನ್ನ ಬಿಟ್ಟ ಹೋಗತೀ ಅಂತ."

ರಹಿಮಾನಸಾಬರು ಬುಟ್ಟಿಯಲ್ಲಿ ಉಳಿದಿದ್ದ ಸೀತನಿಯನ್ನು ಮುಷ್ಟಿ ತುಂಬ ತೆಗೆದು ಇವರ ಕೈಗೆ ಹಾಕಿದರು.

"ಬಿಟ್ಟು ಎಲ್ಲಿಗಿ ಹೋಗ್ಲೋ ಹುಚ್ಚಾ? ಹೊಲ ಇಲ್ಲೇ ಬಾಜೂಕ ಐತಿ."

ನಮ್ಮವರು ಈ ವರ್ಷದ ಮೊದಲ ಸೀತನಿ ತಿಂದರು. ತಣ್ಣಗಾಗಿತ್ತು, ಆದರೂ ಮತ್ತೆ ಕೈಚಾಚಿದರು.