ಹದಿಮೂರು ಕಾರ್ಡಿನ ಗಿಣಿ

ಇದು ನಿಜವಾಗಿ ನಡೆದದ್ದು. ಸುಳ್ಳು ಹೇಳುವವರೂ ಹೀಗೇ ಶುರು ಮಾಡುತ್ತಾರೆ, ನಿಜ. ಆದರೆ ಇದರಲ್ಲಿ ಸುಳ್ಳು ಹೇಳಿದವನು ಒಬ್ಬನೇ, ಅವನೂ ತೀರಿಕೊಂಡು ತಿಂಗಳಾಯಿತು.

ಅವನು ಹೊಲಿಗೆ ಅಂಗಡಿಯವಳ ಅಪ್ಪ. ಬೆಂಕಿಪೊಟ್ಟಣದ ಕಂಪನಿಯಲ್ಲಿ ಎಲ್ಲರಿಗೂ ಅವನು ಗಿಣಿ. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಹಾಗೆಯೇ ಒಪ್ಪಿಸುತ್ತಿದ್ದ: ಮೇಸ್ತ್ರಿಯ ಕೆಮ್ಮು, ಮ್ಯಾನೇಜರನ ಸೀನು, ಊಟದ ಹೊತ್ತಿನ ಸೈರನ್ನು. "ನಿಮ್ಮೂರು ಯಾವುದಪ್ಪಾ?" ಎಂದು ಮಗಳು ಕೇಳಿದಾಗಲೆಲ್ಲ ಆ ಸೈರನ್ನು ಕೂಗಿಕೊಂಡು ತಟ್ಟೆಯ ಮುಂದೆ ಕೂರುತ್ತಿದ್ದ. ಕೊನೆಯ ಮೂರು ದಿನ ಮಾತ್ರ, ಅವಳು ಎಂದೂ ಕೇಳಿರದ ದನಿಯಲ್ಲಿ, "ಅಕ್ಕಾ, ಬಾಗಿಲು ತೆಗಿಯೇ, ನಾನು ಬಂದಿದೀನಿ" ಎನ್ನುತ್ತಲೇ ಇದ್ದ. ಅವನಿಗೊಬ್ಬ ಅಕ್ಕ ಇದ್ದದ್ದು ಮನೆಯವರಿಗೆ ಗೊತ್ತಾದದ್ದೇ ಆಗ. ಬದುಕಿದ್ದರೆ ಎಂಬತ್ತರ ಹತ್ತಿರ. ಆಕೆಗೆ ಸುದ್ದಿ ಮುಟ್ಟಿಸಬೇಕು, ಮಗಳ ಹಟ ಅಷ್ಟೇ.

ಮುಚ್ಚಿದ ಕಂಪನಿಯ ದಾಖಲೆ ಕೋಣೆಯ ಬೀಗದ ಕೈ ಹಳೆಯ ಗುಮಾಸ್ತರ ಹತ್ತಿರವಿತ್ತು. ಕಾಗದವೆಲ್ಲ ರದ್ದಿಗೆ ಹೋಗುವುದರಲ್ಲಿತ್ತು. ಹೊರಗೆ ಲಾರಿಯವರು ಆಗಲೇ ಮೂಟೆ ಕಟ್ಟುತ್ತಿದ್ದರು.

"ಸೇರುವಾಗ ಊರು, ತಾಯಿ ಹೆಸರು, ಸತ್ತರೆ ಯಾರಿಗೆ ತಿಳಿಸ್ಬೇಕು, ಎಲ್ಲ ಕಾರ್ಡಿಗೆ ಬರ್ಕೊಳ್ತಿದ್ವಿ" ಎಂದರು ಗುಮಾಸ್ತರು. "ಬರೆದೋನು ನಾನೇ."

"ಆ ಕೊನೇದೇ ನಂಗೆ ಬೇಕಾಗಿರೋದು ಸರ್."

ಬೆಳಗಿನಿಂದ ಹೆಸರು ಹಿಡಿದು ಹುಡುಕಿದರು, ಸಿಗಲಿಲ್ಲ. ಮಧ್ಯಾಹ್ನ ಒಂದು ಕಾರ್ಡಿನ ಮೇಲೆ ಅವಳ ಬೆರಳು ನಿಂತಿತು. ಫೋಟೋದಲ್ಲಿ ಹುರಿಮೀಸೆ, ರುಮಾಲು, ದಪ್ಪ ಕನ್ನಡಕ.

"ಇದು ನಮ್ಮಪ್ಪ."

"ಹೆಸರು ಬೇರೆ ಇದೆಯಲ್ಲಮ್ಮ."

"ಮುಖಾನೂ ಬೇರೆ ಇದೆ. ಎಡಭುಜ ನೋಡಿ, ಒಂದು ಬೆರಳು ತಗ್ಗು. ಇಪ್ಪತ್ತು ವರ್ಷ ಇವನ ಅಂಗಿ ಹೊಲಿದಿದೀನಿ ಸರ್, ಇದಕ್ಕೆ ಒಳಗೆ ಬಟ್ಟೆ ಮಡಚಿಟ್ಟು ಸಮ ಮಾಡ್ತಿದ್ದೆ."

ಗುಮಾಸ್ತರು ಕೂತುಬಿಟ್ಟರು. "ವರ್ಷ ತುಂಬಿದ್ರೆ ಕಾಯಂ ಮಾಡ್ಬೇಕಿತ್ತು. ಅದಕ್ಕೆ ಹನ್ನೊಂದು ತಿಂಗಳಿಗೆ ತೆಗೆದುಹಾಕಿ, ಮುಂದಿನ ವಾರ ಹೊಸಬರು ಅಂತ ಸೇರಿಸ್ಕೊಳ್ಳೋದು. ಹೊಸ ಹೆಸರು, ಹೊಸ ಊರು ಹೇಳ್ಕೊಂಡು ಬನ್ರೋ ಅಂತ ನಾವೇ ಹೇಳಿ ಕಳಿಸ್ತಿದ್ವಿ. ಬೇರೆಯೋರು ಹೆಸರು ಬದಲಾಯಿಸ್ಕೊಂಡು ಬರೋರು. ನಿಮ್ಮಪ್ಪ ಮನುಷ್ಯನನ್ನೇ ಬದಲಾಯಿಸ್ಕೊಂಡು ಬರೋನು. ಒಂದ್ಸಲ ಮುದುಕನ ಹಾಗೆ ನಡುಗ್ತಾ ಬಂದ, ನಾನು ಎದ್ದು ಕುರ್ಚಿ ಕೊಟ್ಟೆ."

ಭುಜ ಹಿಡಿದು ಹುಡುಕಿದರು. ಹೊತ್ತು ಇಳಿಯುವಷ್ಟರಲ್ಲಿ ಮೇಜಿನ ಮೇಲೆ ಹದಿಮೂರು ಕಾರ್ಡು, ಹದಿಮೂರು ಅಪ್ಪಂದಿರು. ಊರು ಹದಿಮೂರು, ಹೆತ್ತ ತಾಯಿಯೂ ಹದಿಮೂರು. ಒಂಬತ್ತನೆಯದನ್ನು ಗುಮಾಸ್ತರು ಕಣ್ಣಿಗೆ ಹತ್ತಿರ ಹಿಡಿದರು. "ಸತ್ತರೆ ತಿಳಿಸ್ಬೇಕಾದೋರು... ಇದು ನಮ್ಮತ್ತೆ ಹೆಸರು ಕಣಮ್ಮ. ವಿಳಾಸಾನೂ ನಮ್ಮನೇದೇ. ನನ್ನ ಕೈಲೇ ಬರೆಸಿದಾನೆ."

ಅವಳಿಗೆ ನಗು ಬರಲಿಲ್ಲ.

"ಮೊದಲನೇದು ನಿಜ ಇರತ್ತೆ ಬಿಡು. ಆಗಿನ್ನೂ ಈ ಆಟ ಅವನಿಗೆ ಗೊತ್ತಿರ್ಲಿಲ್ಲ."

ಮೊದಲನೆಯದರಲ್ಲಿ ಮೀಸೆಯಿಲ್ಲ, ರುಮಾಲಿಲ್ಲ. ಹತ್ತೊಂಬತ್ತರ ಹೆದರಿದ ಮುಖ. ಸತ್ತರೆ ತಿಳಿಸಬೇಕಾದವರು ಎಂಬಲ್ಲಿ 'ಅಕ್ಕ' ಎಂದು ಬರೆದು, ಆಕೆಯ ಹೆಸರು, ಊರು. ಅವಳು ಅಳತೆ ಪುಸ್ತಕ ತೆಗೆದು, ಎದೆ ಸೊಂಟದ ಲೆಕ್ಕಗಳ ಕೆಳಗೆ ಅದನ್ನು ಬರೆದುಕೊಂಡಳು.

ಕಾರ್ಡಿನ ಬೆನ್ನಿಗೆ ಇನ್ನೊಂದು ಅಂಟಿಕೊಂಡಿತ್ತು. ಗುಮಾಸ್ತರು ಉಗುರಿನಿಂದ ಬಿಡಿಸಿದರು. ಅದರ ಹಿಂದಿನ ನಂಬರು, ಬೇರೆ ಹುಡುಗ. ಅದೇ ಊರು, ಅದೇ ತಾಯಿ, ಅದೇ ಅಕ್ಕ.

"ಅಣ್ಣನೋ ತಮ್ಮನೋ ಇರಬಹುದಲ್ವಾ?" ಎಂದಳು, ಉತ್ತರ ಬೇಡವೆನ್ನುವ ಹಾಗೆ.

"ಇವನು ನಮ್ಮ ಬಾಯ್ಲರ್ ನೋಡ್ಕೊಳ್ತಿದ್ದೋನಮ್ಮ. ಒಡಹುಟ್ಟಿದೋಳು ಅಕ್ಕ ಒಬ್ಬಳೇ. ಅವಳು ಸತ್ತಾಗ ರಜಾ ಅರ್ಜಿ ಬರೆದುಕೊಟ್ಟೋನು ನಾನೇ." ಎರಡೂ ಕಾರ್ಡನ್ನು ಪಕ್ಕಪಕ್ಕ ಇಟ್ಟರು. "ಇವನು ಮೂಗಿನಲ್ಲಿ ಮಾತಾಡೋನು. ಸಾಲಲ್ಲಿ ಇವನ ಹಿಂದೆ ನಿಂತಿದ್ದ ನಿಮ್ಮಪ್ಪನೂ ಹಾಗೇ ಮಾತಾಡ್ದ. ಆ ಊರಿನ ನೀರೇ ಹಾಗೆ ಅಂದ್ಕೊಂಡು ಬರ್ಕೊಂಡೆ."

"ಬಂದ ಮೊದಲ ದಿನಾನೇ ಯಾಕೆ ಸುಳ್ಳು ಹೇಳ್ದ?"

"ಕೇಳ್ಬೇಕಿತ್ತು. ಸಾಲು ಉದ್ದ ಇತ್ತು."

ಹೊರಗೆ ಮೂಟೆ ದೊಪ್ಪನೆ ಬಿತ್ತು. ಏನಾದರೂ ಹೇಳಬೇಕಲ್ಲ ಎಂದು ಗುಮಾಸ್ತರು ಮೂಗು ಹಿಡಿದುಕೊಂಡು, ಐವತ್ತೊಂದು ವರ್ಷದ ಹಿಂದೆ ಸಾಲಲ್ಲಿ ನಿಂತಿದ್ದ ಅವಳ ಅಪ್ಪನ ದನಿಯನ್ನು ಒಪ್ಪಿಸಿದರು: "ನಂದೂ ಅದೇ ಊರು ಸ್ವಾಮಿ. ನಂದೂ ಅದೇ ಅಮ್ಮ. ನಂದೂ ಅದೇ ಅಕ್ಕ."

ಅವಳಿಗೆ ನಗು ಬಂತು. ಗುಮಾಸ್ತರೂ ನಕ್ಕರು, ಬಾಗಿಲಲ್ಲಿ ಇಣುಕಿದ ಲಾರಿಯವರೂ ವಿಷಯ ತಿಳಿಯದೆ ನಕ್ಕರು. ಅವರೆಲ್ಲ ಒಬ್ಬೊಬ್ಬರಾಗಿ ನಿಲ್ಲಿಸಿದರು. ಅವಳು ನಿಲ್ಲಿಸಲಿಲ್ಲ. ಅಳತೆ ಪುಸ್ತಕದ ಆ ಹಾಳೆಯನ್ನು ಮುಷ್ಟಿಯಲ್ಲಿ ಹಿಡಿದು, ಹದಿಮೂರು ಅಪ್ಪಂದಿರ ಮೇಲೆ ಬಾಗಿ, ಕಣ್ಣು ಮೂಗು ಒಂದಾಗುವ ಹಾಗೆ, ಇಡೀ ಕೋಣೆಗೆ ಕೇಳುವಷ್ಟು ಜೋರಾಗಿ ನಗುತ್ತಲೇ ಇದ್ದಳು.