ಸಾಕ್ಷಿಗೆ ಹೋದ ಬಾಗಿಲು

"ಏಳ್ನೇ ಕ್ಲಾಸ್ಗೆ ಇಸ್ಕೂಲ್ ಬುಟ್ಟೋನು ಲೋಕದ ಕೋರ್ಟ್ಗೆ ಸಾಕ್ಷಿ ಏಳಕ್ಕೆ ಒಂಟವ್ನೆ, ನೋಡ್ರಪ್ಪಾ! ಅದೂ ಏನ ಒತ್ಗಂಡು? ನಮ್ ಕೊಟ್ಗೆ ಬಾಗ್ಲ!"

ಹೊನ್ನೂರಿನ ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ನಿಂತವರೆಲ್ಲ ಗೊಳ್ಳೆಂದರು. ಪುಟ್ಟಮಲ್ಲಪ್ಪನವರು ಹೆಗಲ ಟವೆಲ್ಲು ಕೊಡವಿಕೊಂಡು, ನಗು ಹಿಂದಿನ ಸಾಲಿನವರೆಗೂ ಮುಟ್ಟಿತೇ ಎಂದು ಒಮ್ಮೆ ಕಣ್ಣಾಡಿಸಿದರು.

ದೇವರಾಜು ತಲೆಯ ಮೇಲಿದ್ದ ಬಾಗಿಲನ್ನು ಧೊಪ್ಪನೆ ನೆಲಕ್ಕಿಳಿಸಿದ. "ನಿಮ್ಮದೇ ಕಣ್ರಿ. ಒಲೆಗೆ ಆಕಕ್ಕೆ ಮಡಗಿದ್ರಿ. ನಮ್ಮಪ್ಪ ಮೂರ್ ದಿನ ನಿಮ್ ಗದ್ದೇಲಿ ಗೇದು ತಕ್ಕಬಂದ. ಪುಕ್ಸಟ್ಟೆ ಕೊಟ್ರಾ?"

"ಮಾತ್ ಮಾತ್ರ ಲಾಯರ್ದು ಕಣ್ಲಾ ನಿಂದು!" ಎಂದರು ಅವರು. ಮತ್ತೆ ನಗು.

ಇಪ್ಪತ್ನಾಲ್ಕರ ದೇವರಾಜುವಿನ ಸಿಟ್ಟು ಊರಿಗೇ ಗೊತ್ತಿದ್ದದ್ದು. ನಿಲ್ಲಿಸದೆ ಹೋದ ಬಸ್ಸಿಗೆ ಚಪ್ಪಲಿ ಬೀರಿ, ಕೊಳ್ಳೇಗಾಲದಿಂದ ಒಂದೇ ಚಪ್ಪಲಿಯಲ್ಲಿ ನಡೆದು ಬಂದಿದ್ದ ಗಿರಾಕಿ. ಅವನು ಮುಷ್ಟಿ ಬಿಗಿಯುವುದನ್ನು ಕಂಡ ಆಟೋ ಸ್ವಾಮಿ ಓಡಿ ಬಂದು ಬಾಗಿಲಿನ ಒಂದು ತುದಿ ಹಿಡಿದ. "ಲೇ, ಜಗಳ ವಾಪಸ್ ಬಂದು ಆಡೀವಂತೆ. ಅನ್ನೆಲ್ಡ್ ಗಂಟೆಗೆ ಪಟ್ಟಿ ಮುಚ್ಬುಡ್ತಾರಂತೆ ಕೊಳ್ಳೇಗಾಲದಲ್ಲಿ."

ಇಬ್ಬರೂ ಬಾಗಿಲನ್ನು ಆಟೋ ನೆತ್ತಿಗೆ ಹಗ್ಗ ಹಾಕಿ ಬಿಗಿದರು. ಗಿಡ್ಡ ಬಾಗಿಲು, ಮಸಿ ಹಿಡಿದು ಕಪ್ಪಗಾದದ್ದು. ದೇವರಾಜು ಹುಟ್ಟಿದ ವರ್ಷ ಅವನಪ್ಪ ಚಿಕ್ಕಸಿದ್ದಯ್ಯ ಅದನ್ನು ತಂದು ಹುಳು ಸಾಕುವ ಮನೆಗೆ ಕೂರಿಸಿದ್ದ. ರೇಷ್ಮೆ ಹುಳುವಿಗೆ ಬಿಸಿಲು ಆಗದು. ಸೆಕೆ ಏರಿದ ದಿನ ಬಾಗಿಲಿಗೂ ಕಿಟಕಿಗೂ ಗೋಣಿತಾಟು ನೆನೆಸಿ ಕಟ್ಟಬೇಕು. ಅಕ್ಷರ ಬಾರದ ಚಿಕ್ಕಸಿದ್ದಯ್ಯ, ಒಂದು ಬೆಳೆ ಹುಳು ಮನೆಗೆ ಬಂದರೆ ಬಾಗಿಲ ಒಳಮೈ ಮೇಲೆ ಮೊಳೆಯಿಂದ ಒಂದು ಸೊನ್ನೆ, ಆಮೇಲೆ ಗೋಣಿ ನೆನೆಸಿದ ಒಂದೊಂದು ದಿನಕ್ಕೆ ಒಂದೊಂದು ಗೆರೆ ಎಳೆಯುತ್ತಿದ್ದ. ಗೋಡೆ ಮೇಲೆ ಬರೆಯುವಂತಿರಲಿಲ್ಲ. ಬೆಳೆ ಬೆಳೆಗೂ ಸುಣ್ಣ ಬಳಿಯುತ್ತಾರೆ. ಅವನು ಸತ್ತ ವರ್ಷ ಶಾಲೆ ಬಿಟ್ಟ ದೇವರಾಜು ಅದೇ ಮೊಳೆ ಹಿಡಿದ. ಗೆರೆಯ ಪಕ್ಕ ಸೆಕೆಯ ಡಿಗ್ರಿಯನ್ನೂ ಗೀಚತೊಡಗಿದ.

ಅದು ಸಾಕ್ಷಿ ಎಂದು ಮೊದಲು ಹೇಳಿದವಳು ಕೌದಳ್ಳಿಯ ರಮ್ಯ. ಮೈಸೂರಿನಲ್ಲಿ ಕಾನೂನು ಓದುವ ಹುಡುಗಿ. ಎಲ್ಲೋ ಸಮುದ್ರದ ನಡುವಿನ ದ್ವೀಪಗಳಲ್ಲಿ ಅವಳಂತೆಯೇ ಕಾನೂನು ಓದುವ ಹುಡುಗ ಹುಡುಗಿಯರು ತರಗತಿಯಲ್ಲಿ ಕೂತು, ಲೋಕದ ಸೆಕೆ ಏರಿ ನಮ್ಮ ನೆಲ ಮುಳುಗುತ್ತಿದೆ, ಹೊಗೆ ಬಿಟ್ಟ ದೇಶಗಳಿಗೆ ಹೊಣೆ ಇಲ್ಲವೇ ಎಂದು ಕೇಳಿದ್ದರಂತೆ. ಬೆನ್ನು ಬಿಡದೆ ಕೇಳಿ ಕೇಳಿ, ಆ ಪ್ರಶ್ನೆಯನ್ನು ಹೇಗ್ ಎಂಬ ಊರಿನ ಲೋಕದ ಕೋರ್ಟಿಗೇ ಮುಟ್ಟಿಸಿದ್ದರಂತೆ. ಅವರ ಪರ ವಕೀಲರ ಕೈಗೆ ಕೊಡಲು ರಮ್ಯಳ ಗೆಳೆಯರು ಬಿಸಿಲಲ್ಲಿ ಬೆಂದವರ ಹೇಳಿಕೆಗಳನ್ನು ಪುಸ್ತಕ ಮಾಡುತ್ತಿದ್ದರು. ದೇವರಾಜುವಿಗೆ ಕಾನೂನು ತಿಳಿಯಲಿಲ್ಲ, ಸಿಟ್ಟು ತಿಳಿಯಿತು. ತನಗಿಂತ ಸಿಟ್ಟಿನವರು ಲೋಕದಲ್ಲಿದ್ದಾರೆ, ಅವರು ಚಪ್ಪಲಿ ಬೀರುವ ಬದಲು ಅರ್ಜಿ ಬರೆದಿದ್ದಾರೆ ಎನ್ನುವುದು ಅವನನ್ನು ಒಂದು ವಾರ ಕಾಡಿತು.

ಆದರೆ ರಮ್ಯ ಫೋನಿನಲ್ಲಿ ಹಿಡಿದ ಪಟದಲ್ಲಿ ಬಾಗಿಲು ಬರೀ ಕಪ್ಪು ಹಲಗೆಯಾಗಿ ಬಂದಿತ್ತು. "ವಕೀಲೆ ಮೇಡಂ ಒಪ್ತಿಲ್ಲ ಅಣ್ಣ. ಹೇಳಿಕೆ ಪಟ್ಟಿ ನಾಳೆ ಹನ್ನೆರಡಕ್ಕೆ ಮುಗಿಯುತ್ತೆ," ಎಂದು ಹಿಂದಿನ ರಾತ್ರಿ ಫೋನು ಮಾಡಿದ್ದಳು.

"ಒಪ್ದೆ ಏನು? ಬಾಗ್ಲನ್ನೇ ತತ್ತೀನಿ!" ಎಂದು ಅವನು ಕಿರುಚಿದ್ದ.

ಅದೃಷ್ಟಕ್ಕೆ ಹುಳುಗಳು ಮೂರನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ, ತಲೆಯೆತ್ತಿ ಅಲುಗದೆ ಕೂರುವ ಒಂದು ದಿನ. ಅವ್ವ ಚಿಕ್ಕನಿಂಗಮ್ಮ ಬೆಳಿಗ್ಗೆ ಬಾಗಿಲಿಲ್ಲದ ಬಾಗಿಲಿಗೆ ಸೊಳ್ಳೆಪರದೆ ಕಟ್ಟಿ, ಹುಳು ಕೊಲ್ಲುವ ಊಜಿ ನೊಣ ಒಂದೂ ಒಳನುಗ್ಗದಂತೆ ಕೈಯಲ್ಲಿ ಟವೆಲ್ಲು ಹಿಡಿದು ಹೊಸಿಲ ಮೇಲೆ ಕೂತಿದ್ದಳು. "ಓಗು ಮೊಗಾ. ಜ್ವರ ಏಳೋ ಒತ್ಗೆ ಬಾಗ್ಲು ಇಲ್ಲಿರ್ಬೇಕು, ನೀನೂ ಇಲ್ಲಿರ್ಬೇಕು. ಅಷ್ಟೇಯ."

ದಾರಿಯುದ್ದಕ್ಕೂ ಕೇಳುವವರೇ. ಭತ್ತ ಒಣಗಿಸುತ್ತಿದ್ದ ಹೆಂಗಸೊಬ್ಬಳು ಕೈ ಅಡ್ಡ ಹಿಡಿದು, "ಎಲ್ಗಪ್ಪಾ ಬಾಗ್ಲು?" ಎಂದಳು.

"ಬಾಗ್ಲಿಗೆ ಉಸಾರಿಲ್ಲ ಕಣಕ್ಕ, ಕೊಳ್ಳೇಗಾಲದ ಆಸ್ಪತ್ರೆಗೆ!" ಎಂದ ಸ್ವಾಮಿ.

ದೇವರಾಜುವಿಗೂ ನಗು ಬಂತು. ನಕ್ಕರೆ ಸಿಟ್ಟು ಸೋರಿಹೋದೀತೆಂದು ತಡೆದುಕೊಂಡ.

ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹಿಂದಿನ ಮಹಡಿ ಕೋಣೆಗೆ ಬಾಗಿಲನ್ನು ಹತ್ತಿಸುವಾಗ ಮೆಟ್ಟಿಲ ತಿರುವಿನಲ್ಲಿ ಎರಡು ಸಲ ಸಿಕ್ಕಿಕೊಂಡಿತು. ಒಳಗೆ ಲ್ಯಾಪ್‌ಟಾಪ್ ಮುಂದಿದ್ದ ವಕೀಲೆ ದಿವ್ಯ, ಪಕ್ಕದಲ್ಲಿದ್ದ ರಮ್ಯ ಇಬ್ಬರೂ ಎದ್ದು ನಿಂತರು. ಗೋಡೆಗೊರಗಿ ಕೂತು, ತನ್ನ ಹೇಳಿಕೆ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಹನೂರು ಕಡೆಯ ಮುದುಕಿ ರಾಚಮ್ಮ, "ಅಯ್ ಶಿವ್ನೆ, ಮನೇನೇ ಕಿತ್ಗಂಡು ಬಂದವ್ನೆ!" ಎಂದಳು.

ದಿವ್ಯ ಬಾಗಿಲನ್ನು ಕಿಟಕಿಗೆ ತಿರುಗಿಸಿ ಬಗ್ಗಿ ನೋಡಿದರು. ಟಾರ್ಚು ಬಿಟ್ಟರು. "ಏನೋ ಇದೆ, ನಿಜ. ಆದ್ರೆ ಓದೋಕಾಗ್ತಿಲ್ವಲ್ಲ ದೇವರಾಜು. ಪುಸ್ತಕದಲ್ಲಿ ನೋಡೋರಿಗೆ ಕಾಣಬೇಕು. ಕಾಣದ್ದನ್ನ ನಾನು ಸಾಕ್ಷಿ ಅಂತ ಹೇಗೆ ಸೇರಿಸಲಿ?"

"ಕಾಣಲ್ಲ ಅಂದ್ರೆ ಇಲ್ಲ ಅಂತಲಾ ಮೇಡಂ? ಇಪ್ಪತ್ನಾಕ್ ವರ್ಷ ಕಣ್ರೀ!" ದನಿ ಏರಿತು. ರಮ್ಯ ಅವನ ತೋಳು ಮುಟ್ಟಿದಳು. ಗಡಿಯಾರ ಹನ್ನೊಂದೂಮುಕ್ಕಾಲು ತೋರಿಸುತ್ತಿತ್ತು.

ದೇವರಾಜು ತಲೆ ತಗ್ಗಿಸಿದ. ಹಾಗೆ ತಗ್ಗಿಸಿದ್ದಕ್ಕೇ ಅವನಿಗೆ ಕಂಡದ್ದು: ಎಲೆಯ ಬೆನ್ನಿಗೆ ಸುಣ್ಣ ಸವರುತ್ತಿದ್ದ ರಾಚಮ್ಮನ ಹೆಬ್ಬೆರಳು. ಆ ಬೆರಳಿನ ಒಡಕುಗಳಲ್ಲೆಲ್ಲ ಸುಣ್ಣ ಕೂತು ಒಂದೊಂದು ಗೆರೆಯೂ ಬೆಳ್ಳಗೆ ಎದ್ದಿತ್ತು.

"ಅಜ್ಜೀ, ನಿನ್ ಸುಣ್ಣ ಕೊಡು."

"ಎಲೆ ಆಕ್ತೀಯಾ ಮೊಗಾ?"

"ನಾನಲ್ಲ. ಬಾಗ್ಲು ಆಕ್ಕತದೆ."

ಅವಳು ಸೊಂಟದ ಸಂಚಿ ಬಿಚ್ಚಿ ಡಬ್ಬಿಯನ್ನೇ ಕೊಟ್ಟಳು. ದೇವರಾಜು ಸುಣ್ಣಕ್ಕೆ ನೀರು ಬೆರೆಸಿ ಅಂಗೈಯಿಂದ ಬಾಗಿಲ ತುಂಬ ಬಳಿದ, ಕೊರಳ ಟವೆಲ್ಲಿನಿಂದ ಮೇಲಿಂದ ಕೆಳಕ್ಕೆ ಒಂದೇ ಸಮನೆ ಒರೆಸಿದ. ಮೇಲಿನ ಸುಣ್ಣವೆಲ್ಲ ಹೋಯಿತು, ಗೀಚಿನೊಳಗಿನದು ಉಳಿಯಿತು.

ಮೇಲ್ಗಡೆ ಒಂದು ಸೊನ್ನೆ, ಪಕ್ಕದಲ್ಲಿ ಎರಡೋ ಮೂರೋ ಗೆರೆ, ಮತ್ತೆ ಒಂದು ಸೊನ್ನೆ, ಗೆರೆಯೇ ಇಲ್ಲ. ಕೆಳಗಿಳಿದಂತೆ ಗೆರೆಗಳು ಒತ್ತಾಗುತ್ತ, ಒಂದನ್ನೊಂದು ತಳ್ಳುತ್ತ, ಬುಡದಲ್ಲಿ ಜಾಗ ಸಾಲದೆ ಅಂಚಿನ ಪಟ್ಟಿಗೇ ಹತ್ತಿದ್ದವು. ಕನ್ನಡ ಬಾರದವರಿಗೂ, ಓದೇ ಬಾರದವರಿಗೂ ತಿಳಿಯುವಂತಿತ್ತು.

"ಇದು ಯಾವ್ ತಿಂಗ್ಳು?" ದಿವ್ಯರ ಬೆರಳು ಬುಡದ ಹತ್ತಿರದ ಒಂದು ಸಾಲಿನ ಮೇಲೆ ನಿಂತಿತ್ತು.

"ಕಾರ್ತೀಕ, ಮೇಡಂ. ನಮ್ಮಪ್ಪ ಕಾರ್ತೀಕದಲ್ಲಿ ಯಾವತ್ತೂ ಗೋಣಿ ನೆನೆಸ್ದೋನಲ್ಲ. ಕೆಂಡ ಮಡಗೋನು, ಉಳಕ್ಕೆ ಚಳಿ ಅಂತ. ಆ ಮಸೀನೇ ಇದು."

ರಾಚಮ್ಮ ಎದ್ದು ಬಂದು ಆ ಗೆರೆಗಳನ್ನು ಸವರಿದಳು. "ಇದು ನಮ್ ಮೇಕೆ ಸತ್ತ ವರ್ಷ ಇರ್ಬೇಕು ಕಣ್ ಮೊಗಾ," ಎಂದಳು.

ರಮ್ಯ ಪಟ ಹಿಡಿದಳು. ದಿವ್ಯ ಕೇಳುತ್ತ ಟೈಪು ಮಾಡಿದರು. ವಿದ್ಯಾರ್ಹತೆ ಎಂಬ ಕಡೆ ಬಂದಾಗ ದೇವರಾಜುವಿನ ದವಡೆ ಬಿಗಿಯಿತು. ಅವರು ಅವನ ಮುಖ ನೋಡಿ, ಆ ಸಾಲು ಬಿಟ್ಟು ಮುಂದಿನದಕ್ಕೆ ಹೋದರು. "ದಾಖಲೆ ಇಟ್ಟವರ ಹೆಸರು?"

"ಮೊದ್ಲು ನಮ್ಮಪ್ಪಂದು ಆಕಿ. ಚಿಕ್ಕಸಿದ್ದಯ್ಯ. ಆಮೇಲೆ ನಂದು."

ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ ಹೇಳಿಕೆ ಹೋಯಿತು. ರಮ್ಯ ಕುಣಿದೇಬಿಟ್ಟಳು. ಸ್ವಾಮಿ ಬಾಗಿಲಿಗೆ ಕೈಮುಗಿದ. ಎಲ್ಲರಿಗೂ ಟೀ ಬಂತು. ರಾಚಮ್ಮ ಬಾಗಿಲ ಮುಂದೆಯೂ ಒಂದು ಲೋಟ ಇಡಿಸಿದಳು. ಆಗ ಮಾತ್ರ ದೇವರಾಜು ನಕ್ಕ. ಎಷ್ಟು ನಕ್ಕನೆಂದರೆ ಟೀ ಮೂಗಿಗೆ ಹತ್ತಿತು.

ಸಂಜೆ ಹಾಲಿನ ಹೊತ್ತಿಗೆ ಆಟೋ ಡೈರಿ ಮುಂದೆ ನಿಂತಿತು. ಅಲ್ಲಿಂದಾಚೆ ಓಣಿಗೆ ಆಟೋ ಹೋಗದು. ಬಾಗಿಲು ಇಳಿಸಿ ನಿಲ್ಲಿಸಿದ್ದೇ, ಕ್ಯಾನು ಹಿಡಿದವರೆಲ್ಲ ಸುತ್ತ ನೆರೆದರು. ಇಳಿಬಿಸಿಲಲ್ಲಿ ಗೆರೆಗಳು ನೂಲಿನಂತೆ ಹೊಳೆಯುತ್ತಿದ್ದವು. ಪುಟ್ಟಮಲ್ಲಪ್ಪನವರು ಜನ ಸರಿಸಿಕೊಂಡು ಬಂದರು.

"ಏನ್ಲಾ, ಬಾಗ್ಲಿಗೆ ಜಾಮೀನು ಸಿಕ್ತಾ?"

ಒಬ್ಬಿಬ್ಬರು ನಕ್ಕರು. ಪುಟ್ಟಮಲ್ಲಪ್ಪನವರೂ ಹುಳು ಸಾಕುವವರೇ. ಅವರ ಬೆರಳು ತಾನಾಗಿ ಕೆಳಗಿನ ಸಾಲಿಗೆ ಹೋಗಿ, ಒಂದೊಂದೇ ಗೆರೆ ದಾಟಿ, ಒಂದು ಕಡೆ ನಿಂತಿತು. "ಇದು ಓದ್ ಕಾರ್ತೀಕದ್ದೇನ್ಲಾ? ಆ ವಾರವೇ ನಮ್ ಉಳೂವೆ ಸೆಕೆಗೆ..." ಎಂದವರು ಸುತ್ತಲಿನ ಮುಖಗಳನ್ನು ಕಂಡು ದನಿ ಏರಿಸಿದರು. "ಗೀಚ್ದೋರೆಲ್ಲ ಸಾಕ್ಷಿ ಆದ್ರೆ ನಮ್ಮೆಮ್ಮೇನೂ ಕೊಂಬಲ್ಲಿ ಗೀಚ್ತದೆ! ಅದ್ನೂ ಕರ್ಕಂಡೋಗ್ಲಾ ಕೋರ್ಟ್ಗೆ! ಏನಂತೀಯ?"

ದೇವರಾಜುವಿನ ನಾಲಗೆ ತುದಿಯಲ್ಲಿ ಇಪ್ಪತ್ತು ಉತ್ತರಗಳಿದ್ದವು, ಒಂದಕ್ಕಿಂತ ಒಂದು ಖಾರ. ಸ್ವಾಮಿ ಅವನ ಮುಷ್ಟಿಯನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಜೇಬಿನಲ್ಲಿ ಫೋನು ಕುಣಿಯಿತು. "ಜ್ವರ ಎದ್ವು ಮೊಗಾ," ಎಂದಳು ಅವ್ವ. "ತಲೆ ಆಡುಸ್ತಾವೆ. ಬಿರ್ರನೆ ಬಾ."

ಅವನು ಬಗ್ಗಿ ಬಾಗಿಲನ್ನು ತಲೆಗೇರಿಸಿಕೊಂಡ. ಜನ ಎರಡು ಕಡೆ ಸರಿದು ದಾರಿ ಬಿಟ್ಟರು. ಪುಟ್ಟಮಲ್ಲಪ್ಪನವರು ಉತ್ತರಕ್ಕಾಗಿ ಕೈ ಎತ್ತಿಕೊಂಡೇ ನಿಂತಿದ್ದರು, ಬೆರಳ ತುದಿ ಬೆಳ್ಳಗಾಗಿತ್ತು. ಹಿಪ್ಪುನೇರಳೆ ತೋಟದ ಪಕ್ಕದ ಓಣಿಯಲ್ಲಿ, ಹೆಜ್ಜೆ ಹೆಜ್ಜೆಗೂ ತಲೆಯ ಮೇಲಿಂದ ಹೆಗಲಿಗೆ ಚೂರು ಚೂರೇ ಸುಣ್ಣ ಉದುರಿಸಿಕೊಳ್ಳುತ್ತ ಅವನು ನಡೆದು ಹೋದ.